ಮನೇಲಿ ಯಾರಾದ್ರೂ ಕುಡಿತ ಬಿಡ್ತೀನಿ ಅಂದ್ರೆ ಮೊದಲು ಇದನ್ನ ಓದಿ

ನಮ್ಮ ಸೋದರಮಾವ ಅಯ್ಯಪ್ಪನ ಮಾಲೆ ಹಾಕಿ ಅವತ್ತಿಂದ್ಲೇ ಎಣ್ಣೆ ಬಂದ್ ಅಂದ್ರು, ಮನೆಯವರಿಗೆಲ್ಲ ಖುಷಿಯೋ ಖುಷಿ. ಮಾರನೇ ದಿನ ಬೆಳಗ್ಗೆ ಲೋಟ ಹಿಡಿದ್ರೆ ಕೈ ನಡುಗಿ ಕಾಫಿಯೆಲ್ಲ ಕಪ್ಪು ಪಂಚೆ ಮೇಲೆ ಚೆಲ್ತು, ತಣ್ಣೀರು ಸ್ನಾನದ ಚಳಿ ಇರ್ಬೇಕು ಅಂದ್ಕೊಂಡ್ವಿ, ಸಂಜೆ ಪೂಜೆಗೆ ಕೂತಲ್ಲೇ ಫಿಟ್ಸ್ ಬಂದು ಬಿದ್ದುಬಿಟ್ರು. ವರ್ಷಗಟ್ಟಲೆ ದಿನಾ ಕುಡಿದ ಮೈಗೆ ಒಂದೇ ಸಲ ನಿಲ್ಸಿದ್ರೆ ಹೀಗಾಗುತ್ತೆ ಅಂತ ನಮಗೆ ಗೊತ್ತೇ ಇರ್ಲಿಲ್ಲ.

ಅದಕ್ಕೇ ಮೊದಲ ಕೆಲಸ, ದಿನಕ್ಕೆ ಎಷ್ಟು ಹೋಗ್ತಿದೆ ಅಂತ ಜಗಳ ಮಾಡದೆ ಲೆಕ್ಕ ಹಾಕಿ. ಒಂದು ಕ್ವಾರ್ಟರ್ ಅಂದ್ರೆ 180 ಎಂ.ಎಲ್., ಅದ್ರಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತೆ. 'ಬರೀ ಬಿಯರ್' ಅನ್ನೋರೂ ನೋಡಿ, 650 ಎಂ.ಎಲ್. ಸ್ಟ್ರಾಂಗ್ ಬಾಟ್ಲಲ್ಲಿ ಸುಮಾರು 40 ಗ್ರಾಂ ಇರುತ್ತೆ. ಬೆಳಗ್ಗೆ ಎದ್ದ ತಕ್ಷಣ ಕೈ ನಡುಗುತ್ತಾ, ಒಂದು ನೈಂಟಿ ಹಾಕಿದ್ರೆ ನಿಲ್ಲುತ್ತಾ, ಹಿಂದೆ ಯಾವಾಗಾದ್ರೂ ಫಿಟ್ಸ್ ಬಂದಿತ್ತಾ, ಇವನ್ನೂ ಬರೆದಿಟ್ಕೊಳ್ಳಿ. ಹೌದು ಅಂದ್ರೆ ಮನೇಲಿ ನಿಲ್ಸೋಕೆ ಹೋಗ್ಲೇಬೇಡಿ, ಚೀಟಿ ತಗೊಂಡು ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಿ, ಡಾಕ್ಟರ್ ನೋಡೋ ತನಕ ಏಕಾಏಕಿ ಬಂದ್ ಮಾಡಿಸಬೇಡಿ.

ಕೊನೇ ಪೆಗ್ ಆಗಿ 6ರಿಂದ 24 ಗಂಟೆ ಒಳಗೆ ನಡುಕ, ಬೆವರು ಶುರುವಾಗುತ್ತೆ, ಫಿಟ್ಸ್ ಬರೋದು ಹೆಚ್ಚಾಗಿ 48 ಗಂಟೆ ಒಳಗೆ. ಎರಡು ಮೂರು ದಿನ ಆದ್ಮೇಲೆ ಕೆಲವರು ಇಲ್ದೇ ಇರೋರ ಹತ್ರ ಮಾತಾಡ್ತಾರೆ, ಗೋಡೆ ಮೇಲೆ ಹುಳ ಹರೀತಿದೆ ಅಂತಾರೆ. ದೆವ್ವ ಬಡಿದಿದೆ ಅಂತ ತಾಯತ ಕಟ್ಟಿಸ್ತಾ ಕೂರಬೇಡಿ, ಜೀವಕ್ಕೆ ಅಪಾಯ, ತಕ್ಷಣ 108ಕ್ಕೆ ಫೋನ್ ಮಾಡಿ. ಆಸ್ಪತ್ರೇಲಿ ನಡುಕ ತಡೆಯೋಕೆ ಲಿಬ್ರಿಯಂ ಥರದ ಮಾತ್ರೆ ಕೊಟ್ಟು ದಿನದಿನಕ್ಕೆ ಕಡಿಮೆ ಮಾಡ್ತಾರೆ, ಲಿವರ್ ಹಾಳಾಗಿದ್ರೆ ಬೇರೆ ಮಾತ್ರೆ ಕೊಡ್ತಾರೆ. ಜೊತೆಗೆ ಥಯಾಮಿನ್ ಅಂತ ಬಿ1 ವಿಟಮಿನ್ ಕೊಡ್ತಾರೆ, ಅದು ಸಿಗದಿದ್ರೆ ಮೆದುಳಿಗೇ ಪೆಟ್ಟು. ಸುಸ್ತು ಅಂತ ಪಕ್ಕದ ಕ್ಲಿನಿಕ್ಕಲ್ಲಿ ಗ್ಲೂಕೋಸ್ ಹಾಕಿಸೋದಾದ್ರೆ ಕುಡಿತದ ವಿಷಯ ಮುಚ್ಚಿಡಬೇಡಿ, ಥಯಾಮಿನ್ ಮೊದಲು ಹೋಗ್ಬೇಕು.

ಕುಡಿತ ಬಿಡಿಸುತ್ತೆ ಅಂತ ಗೊತ್ತಾಗದ ಹಾಗೆ ಸಾರಲ್ಲಿ ಬೆರೆಸೋ ಪುಡಿ ಬಗ್ಗೆ ಹೇಳ್ಲೇಬೇಕು. ನಮ್ಮತ್ತೆಗೂ ಯಾರೋ ಕೊಟ್ಟಿದ್ರು, ಪುಣ್ಯಕ್ಕೆ ಬೆರೆಸ್ಲಿಲ್ಲ. ಅಂಥದ್ರಲ್ಲಿ ಡೈಸಲ್ಫಿರಾಮ್ (ಕುಡಿತ ಬಿಡಿಸೋಕೆ ಡಾಕ್ಟರ್ ಕೊಡೋ ಮಾತ್ರೆ) ಇದ್ದು ಅವ್ರು ಕುಡಿದ್ರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿ.ಪಿ. ಬಿದ್ದು ಪ್ರಾಣನೇ ಹೋಗ್ಬಹುದು, ಮಾತ್ರೆ ನಿಲ್ಸಿ ಎರಡು ವಾರ ಆಗಿದ್ರೂ ರಿಯಾಕ್ಷನ್ ಬರಬಹುದು. ಅವ್ರ ಒಪ್ಪಿಗೆ ಇಲ್ದೆ ಅದನ್ನ ಕೊಡೋ ಹಾಗೇ ಇಲ್ಲ. ಆಸೆ ಕಡಿಮೆ ಮಾಡೋಕೆ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಇವೆ, ಯಾವುದು ಸರಿ ಅನ್ನೋದು ಲಿವರ್ ಕಿಡ್ನಿ ನೋಡಿ ಡಾಕ್ಟರೇ ಹೇಳ್ಬೇಕು.

'ಎಣ್ಣೆ ತಾನೇ, ಡ್ರಗ್ಸ್ ಅಲ್ವಲ್ಲ' ಅನ್ನೋರಿಗೆ ಒಂದು ಮಾತು. 2010ರಲ್ಲಿ ಬ್ರಿಟನ್ನಿನ ವಿಜ್ಞಾನಿ ಡೇವಿಡ್ ನಟ್ ಮತ್ತವರ ತಂಡ 20 ಮಾದಕ ವಸ್ತುಗಳ ಹಾನಿಗೆ ನೂರಕ್ಕೆ ಅಂಕ ಹಾಕಿದ್ರು, ಮದ್ಯಕ್ಕೆ 72 ಬಂತು, ಹೆರಾಯಿನ್‌ಗೆ 55. ಬಳಸೋನಿಗೆ ಮಾತ್ರ ಆಗೋ ಹಾನಿ ನೋಡಿದ್ರೆ ಮದ್ಯಕ್ಕಿಂತ ಹೆರಾಯಿನ್ನೇ ಮುಂದೆ, ಆದ್ರೆ ಮದ್ಯದ 72ರಲ್ಲಿ 46 ಅಂಕ ಸುತ್ತಲಿನವರಿಗೆ ಆಗೋ ಹಾನಿಗೇ ಬಂದಿದ್ದು. ನಮ್ಮತ್ತೆ ಮುಖ ನೋಡಿದವರಿಗೆ ಈ ಲೆಕ್ಕ ಬಿಡಿಸಿ ಹೇಳ್ಬೇಕಿಲ್ಲ.

ವಾಪಸ್ ಮನೆಗೆ ಬಂದ್ಮೇಲೆ ಫಾಲೋಅಪ್ ತಪ್ಪಿಸಬೇಡಿ. ಸಂಬಳದ ದಿನ, ಹಬ್ಬ, ಮದುವೆ ಮನೆ ಇವೇ ಕಾಲು ಜಾರೋ ಜಾಗ, ಜಾರಿದ್ರೂ ಬೈಯ್ದೆ ಮತ್ತೆ ಕರ್ಕೊಂಡು ಹೋಗಿ, ಮಾವ ಎರಡನೇ ಸಲಕ್ಕೇ ನಿಂತಿದ್ದು. ರಾತ್ರಿ ಹೊತ್ತಲ್ಲಿ ಯಾರನ್ನ ಕೇಳೋದು ಅಂತ ತೋಚದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡ್ಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.