ಆಫೀಸ್ ಫೋನಿನ ಕಾನ್ಫರೆನ್ಸ್ ಕಾಲ್‌ನಾಗ ಇನ್ನೂ ಮಂದಿ ಹಿಡಿಬೇಕಂದ್ರ ಏನ್ ಮಾಡ್ಬೇಕು

ಕಲಬುರಗಿ ಗಂಜ್‌ನಾಗ ತೊಗರಿ ಬರೋದು ಡಿಸೆಂಬರ್ ಜನವರಿಯಾಗ, ಆವಾಗ ನಮ್ ಆಫೀಸ್‌ನಾಗ ದಿನಾ ಬೆಳಿಗ್ಗಿ ಎಲ್ಲಾ ಬ್ರಾಂಚ್ ಒಂದೇ ಕಾಲ್‌ಗೆ ಬರಬೇಕು, ಸೇಡಂ, ಚಿತ್ತಾಪುರ, ಶಹಾಪುರ, ಆ ಕಡಿ ಹುಮನಾಬಾದ್, ಬಸವಕಲ್ಯಾಣ, ಮ್ಯಾಲ ದಾಲ್ ಮಿಲ್ಲಿನವ್ರು, ಲಾರಿ ನೋಡ್ಕೊಳ್ಳೋರು. ಮೊದಲ 6 ಮಂದಿ ಇದ್ರು, ಈಗ 20 ಆಗ್ಯಾರ. ಏಳನೇಯವ್ರು ಫೋನ್ ಹಚ್ಚಿದ್ರ ಬರೇ ಎಂಗೇಜ್ ಟೋನ್. "ತಮ್ಮಾ, ಶಹಾಪುರದವ್ರು ಯಾಕ ಬಂದಿಲ್ಲೋ" ಅಂತ ಸಾವ್ಕಾರ್ರು ಕೇಳ್ತಿದ್ರು, ಅಷ್ಟೊತ್ತಿಗೆ ರೇಟ್ ಹೇಳಿ ಮುಗಿದಿರ್ತಿತ್ತು. ಫೋನ್, ನೆಟ್‌ವರ್ಕ್ ಎಲ್ಲಾ ನಾನೇ ನೋಡ್ಕೊಳ್ಳೋದ್ರಿಂದ ಇದನ್ನ ಸರಿ ಮಾಡ್ಲಿಕ್ಕೆ ಭಾಳ ದಿನ ತಗೊಂಡೀನಿ, ನಿಮ್ಗ ಅಷ್ಟು ಹೊತ್ತು ಹಿಡಿಬಾರ್ದು ಅಂತ ಬರೀಲಿಕತ್ತೀನಿ.

ಮೊದಲ್ನೇ ಮಾತು, ಹೊಸಾ ಕಾರ್ಡ್, ಹೊಸಾ ಲೈಸೆನ್ಸ್ ಅಂತ ಕೊಟೇಶನ್ ತರಿಸೋಕಿಂತ ಮುಂಚೆ ಎಲ್ಲಿ ತುಂಬ್ಯಾದ ಅಂತ ನೋಡ್ರಿ. ಕಾನ್ಫರೆನ್ಸ್‌ಗೆ ಎಷ್ಟ್ ಮಂದಿ ಬರಬಹುದು ಅನ್ನೋದು ನಾಕು ಕಡಿ ತೀರ್ಮಾನ ಆಗ್ತದ, ಹೊರಗಿನ ಲೈನು, ಸಿಸ್ಟಮ್‌ನಾಗಿನ ಕಾನ್ಫರೆನ್ಸ್ ಪೋರ್ಟು (ಸೇರೋ ಒಬ್ಬೊಬ್ರಿಗೂ ಬೇಕಾಗೋ ಒಂದೊಂದು ಜಾಗ), ಇಂಟರ್ನೆಟ್ಟು, ಆಮ್ಯಾಲ ಸೆಟ್ಟಿಂಗ್. ನಾಕರಾಗ ಯಾವ್ದು ಎಲ್ಲಕ್ಕಿಂತ ಸಣ್ಣದದ ಅಷ್ಟೇ ಮಂದಿ ಹಿಡಿತಾರ, ಉಳಿದ ಮೂರಕ್ಕ ಲಕ್ಷ ರೂಪಾಯಿ ಸುರುವಿದ್ರೂ ಒಬ್ರೂ ಜಾಸ್ತಿ ಬರಂಗಿಲ್ಲ.

ಪತ್ತೆ ಹಚ್ಚೋದು ಕಷ್ಟ ಇಲ್ರಿ, ಕಿವಿ ಕೊಟ್ಟು ಕೇಳಬೇಕು ಅಷ್ಟೇ. ಹೊರಗಿನಿಂದ ಹಚ್ಚಿದವ್ರಿಗೆ ಎಂಗೇಜ್ ಬರ್ತದ ಆದ್ರ ಅದೇ ಟೈಮಿಗೆ ಆಫೀಸ್ ಒಳಗಿನ ಎಕ್ಸ್‌ಟೆನ್ಷನ್‌ನಿಂದ ಸೇರ್ಲಿಕ್ಕೆ ಆಗ್ತದ ಅಂದ್ರ ಲೈನ್ ತುಂಬ್ಯಾದ. ಒಳಗಿನವ್ರಿಗೂ ಹೊರಗಿನವ್ರಿಗೂ "ಕಾನ್ಫರೆನ್ಸ್ ಫುಲ್" ಅಂತ ಹೇಳಿ ಕಟ್ ಮಾಡ್ತದ ಅಂದ್ರ ಪೋರ್ಟ್ ತುಂಬ್ಯಾವ, ಇಲ್ಲಾ ರೂಮಿನ (ಎಲ್ಲಾರೂ ಸೇರೋ ಆ ಒಂದು ಕಾನ್ಫರೆನ್ಸಿನ) ಲಿಮಿಟ್ ಮುಗಿದದ. ಎಲ್ಲಾರೂ ಸೇರ್ತಾರ ಆದ್ರ ಮಂದಿ ಹೆಚ್ಚಾದಂಗ ದನಿ ತುಂಡ್ ತುಂಡ್ ಆಗ್ತದ ಅಂದ್ರ ಇಂಟರ್ನೆಟ್, ಇಲ್ಲಾ ಪಿಬಿಎಕ್ಸ್ (ಆಫೀಸಿನ ಫೋನ್ ಎಲ್ಲಾ ಜೋಡಿಸೋ) ಮಷಿನ್ನಿಗೆ ತಾಕತ್ತು ಸಾಲವಲ್ದು.

ಲೈನಿನ ಲೆಕ್ಕ ನೋಡ್ರಿ. ಹೊರಗಿನ ಒಬ್ಬೊಬ್ರಿಗೂ ಒಂದೊಂದು ಲೈನ್ ಬೇಕು. ಹಳೇ ತಾಮ್ರದ ಲೈನ್ 4 ಇದ್ರ ಹೊರಗಿನವ್ರು 4 ಮಂದಿ, ಮುಗೀತು, ಅಷ್ಟೊತ್ತು ಗಿರಾಕಿ ಫೋನ್ ಬರಂಗಿಲ್ಲ. ಪಿಆರ್‌ಐ (ಒಂದೇ ಕೇಬಲ್ಲಿನಾಗ ಭಾಳ ಕಾಲ್ ಬರೋ ಡಿಜಿಟಲ್ ಲೈನ್) ಒಂದು ತಗೊಂಡ್ರ 30 ಮಂದಿ ಒಮ್ಮೆಲೆ ಮಾತಾಡಬಹುದು, ಅದ್ರಾಗ 20 ಕಾನ್ಫರೆನ್ಸ್‌ಗೆ ಹೋದ್ರೂ 10 ಉಳಿತಾವ. ಸಿಪ್ ಟ್ರಂಕ್ (ನೆಟ್ ಮುಖಾಂತರ ಬರೋ ಫೋನ್ ಲೈನ್) ಆದ್ರ ಆಪರೇಟರ್‌ಗೆ ಹೇಳಿ ಚಾನೆಲ್ (ಒಂದು ಕಾಲಿಗೆ ಒಂದು) ಹೆಚ್ಚು ಮಾಡಿಸ್ಕೋಬಹುದು, ಹೊಸಾ ವೈರ್ ಎಳೆಯೋ ಕೆಲಸ ಇಲ್ಲ.

ಆದ್ರ ನನ್ ಕೇಳಿದ್ರ ಲೈನ್ ಹೆಚ್ಚು ಮಾಡೋದ್ಕಿಂತ ಲೈನ್ ಬೇಕಾಗದಂಗ ಮಾಡೋದು ಚೊಲೋ. ಬ್ರಾಂಚಿನವ್ರನ್ನ ಹೊರಗಿನವ್ರು ಅಂತ ಯಾಕ ಇಟ್ಕೋಬೇಕು? ಐಪಿ ಪಿಬಿಎಕ್ಸ್ (ಕಂಪ್ಯೂಟರ್ ನೆಟ್‌ವರ್ಕ್ ಮ್ಯಾಲ ನಡಿಯೋದು) ಇದ್ರ ಪ್ರತಿ ಬ್ರಾಂಚಿಗೆ ಒಂದು ಐಪಿ ಫೋನ್ ಇಲ್ಲಾ ಮೊಬೈಲ್‌ನಾಗ ಸಾಫ್ಟ್‌ಫೋನ್ ಆಪ್ ಕೊಟ್ಟು, ವಿಪಿಎನ್ (ಇಂಟರ್ನೆಟ್ ಒಳಗ ನಿಮ್ಗಷ್ಟೇ ಇರೋ ಗುಪ್ತ ದಾರಿ) ಮುಖಾಂತರ ನಿಮ್ಮದೇ ಎಕ್ಸ್‌ಟೆನ್ಷನ್ ಮಾಡ್ರಿ, ಒಂದೂ ಟ್ರಂಕ್ ಚಾನೆಲ್ ಖರ್ಚಾಗಂಗಿಲ್ಲ. ನಮ್ಮಲ್ಲಿ 20ರಾಗ 14 ಮಂದಿ ಹಿಂಗೇ ಬರ್ತಾರ, ಹೊರಗಿನ ಲೈನ್ 6 ಸಾಕಾತು. ವಿಪಿಎನ್ ಬಿಟ್ಟು ಪಿಬಿಎಕ್ಸ್‌ನ ಸೀದಾ ಇಂಟರ್ನೆಟ್‌ಗೆ ತೆರೆದಿಡಬ್ಯಾಡ್ರಿ, ಪಾಸ್‌ವರ್ಡ್ ಸಡಿಲ ಇದ್ರ ರಾತ್ರೋರಾತ್ರಿ ಯಾರೋ ನಿಮ್ ಲೈನಿಂದ ಐಎಸ್‌ಡಿ ಹಚ್ಚಿ ಬಿಲ್ ಏರಿಸ್ತಾರ. ಟ್ರಂಕ್ ಲೈಸೆನ್ಸ್ ಇದ್ದ ಆಪರೇಟರ್ ಕಡಿಂದನೇ ತಗೋರಿ, ಬ್ರಾಂಚ್ ಜೋಡಿಸೋದನ್ನೂ ಅವ್ರಿಗೆ ಮೊದಲೇ ಹೇಳಿ ಬರವಣಿಗೆಯಾಗ ಒಪ್ಪಿಗಿ ಇಸ್ಕೋರಿ.

ಇನ್ನ ಪೋರ್ಟು. ಹಳೇ ಇಪಿಎಬಿಎಕ್ಸ್ (ಹಳೇ ನಮೂನಿ ಪಿಬಿಎಕ್ಸ್) ಭಾಳಷ್ಟರಾಗ ಫೋನಿನ ಬಟನ್ ಒತ್ತಿ ಮಾಡೋ ಕಾನ್ಫರೆನ್ಸ್ ಮೂರು ಮಂದಿದು. ಒಬ್ರು ಮೂರು ಮಂದಿ ಸೇರಿಸಿ ಅದ್ರಾಗಿನ ಒಬ್ರು ಮತ್ತೊಬ್ರನ್ನ ಸೇರಿಸಿ ಹಿಂಗ ಸರಪಳಿ ಮಾಡೋರನ್ನ ನೋಡೀನಿ, ದನಿ ಬಾವಿಯೊಳಗಿನಿಂದ ಬಂದಂಗ ಬರ್ತದ, ನಡುವಿನವ್ರು ಫೋನ್ ಇಟ್ರ ಹಿಂದಿನವ್ರೆಲ್ಲಾ ಕಟ್. ದೊಡ್ಡ ಕಾನ್ಫರೆನ್ಸ್‌ಗೆ ಬ್ಯಾರೆ ಕಾರ್ಡ್ ಇಲ್ಲಾ ಲೈಸೆನ್ಸ್ ಬೇಕಾಗ್ತದ, ತಗೊಳ್ಳೋ ಮುಂಚೆ ಡೀಲರ್‌ಗೆ ಎರಡು ಪ್ರಶ್ನೆ ಕೇಳ್ರಿ, ಒಟ್ಟು ಪೋರ್ಟ್ ಎಷ್ಟು, ಅದ್ರಾಗ ಒಂದೇ ರೂಮಿಗೆ ಎಷ್ಟು ಕೊಡಬಹುದು. 32 ಪೋರ್ಟ್ ಅಂತ ಬರ್ದಿರ್ತದ, ಮನಿಗೆ ತಂದ ಮ್ಯಾಲ ನೋಡಿದ್ರ 8 ಮಂದಿಯ ನಾಕು ರೂಮ್ ಆಗಿರಬಹುದು, ನಿಮ್ಗ ಬೇಕಾಗಿದ್ದು 20 ಮಂದಿಯ ಒಂದು ರೂಮು.

ಆಸ್ಟರಿಸ್ಕ್ ಇಲ್ಲಾ ಫ್ರೀಪಿಬಿಎಕ್ಸ್ (ಎರಡೂ ಪಿಬಿಎಕ್ಸ್ ನಡಿಸೋ ಸಾಫ್ಟ್‌ವೇರ್) ಮ್ಯಾಲ ನಡಿಯೋ ಸಿಸ್ಟಮ್ ಇದ್ರ ಕಾರ್ಡ್ ಬ್ಯಾಡ, ಅದ್ರಾಗ ಕಾನ್ಫ್‌ಬ್ರಿಡ್ಜ್ ಅಂತ ಅದ, ದನಿ ಕೂಡಿಸೋದು ಕಂಪ್ಯೂಟರೇ ಮಾಡ್ತದ. ರೂಮಿನ ಸೆಟ್ಟಿಂಗ್‌ನಾಗ ಮ್ಯಾಕ್ಸ್ ಮೆಂಬರ್ಸ್ ಅಂತ ಇರ್ತದ, ಅಲ್ಲಿ ಯಾರಾದ್ರೂ ಹಿಂದ 6 ಅಂತ ಹಾಕಿಟ್ಟಿದ್ರ ಅದನ್ನ ಏರಿಸ್ರಿ. ಡ್ರಾಪ್ ಸೈಲೆನ್ಸ್ ಖಂಡಿತ ಚಾಲೂ ಮಾಡ್ರಿ, ಸುಮ್ನೆ ಕುಂತವ್ರ ಕಡಿ ಗದ್ದಲ ರೂಮಿಗೆ ಬರಂಗಿಲ್ಲ, ಮಷಿನ್ನಿಗೂ ಹಗುರಾಗ್ತದ. ಪಿನ್ ಇಡೋದು ಮರೀಬ್ಯಾಡ್ರಿ, ರೇಟಿನ ಮಾತು ಎಲ್ಲಾರೂ ಕೇಳೋದಲ್ಲ.

ನಾ ಎಲ್ಲಕ್ಕಿಂತ ಹೆಚ್ಚು ಒದ್ದಾಡಿದ್ದು ಆರ್‌ಟಿಪಿ ಪೋರ್ಟಿನ ಸಲುವಾಗಿ, ಇದು ಮ್ಯಾಲ ಹೇಳಿದ ಕಾನ್ಫರೆನ್ಸ್ ಪೋರ್ಟ್ ಅಲ್ಲ, ನೆಟ್‌ವರ್ಕ್‌ನಾಗ ದನಿ ಸಾಗೋ ನಂಬರಿನ ಬಾಗಿಲು. ಲೈನ್ ಹೆಚ್ಚು ಮಾಡ್ಸಿದೆ, ಲಿಮಿಟ್ 30 ಇಟ್ಟೆ, ಆದ್ರೂ ಹತ್ತು ಮಂದಿ ತನಕ ಬರಾಬರ್, ಹನ್ನೊಂದನೇಯವ್ರು ಹಚ್ಚಿದ ಕೂಡಲೇ ಕಟ್. ಮೂರು ದಿನ ಪರೇಶಾನ್ ಆಗಿ ಕಡೀಕ್ ಲಾಗ್ ತೆಗೆದು ನೋಡಿದ್ರ ಸಿಸ್ಟಮ್ ಕುಂದ್ರಿಸಿದವ್ರು ಆರ್‌ಟಿಪಿ ರೇಂಜ್ 10000 ರಿಂದ 10019 ಅಂತ ಇಟ್ಟು ಹೋಗಿದ್ರು. ಒಂದೊಂದು ಕಾಲಿಗೆ ಎರಡೆರಡು ಪೋರ್ಟ್ ಬೇಕು, ಒಂದು ದನಿಗೆ, ಒಂದು ಅದ್ರ ಲೆಕ್ಕಕ್ಕ, ಅಂದ್ರ 20 ಪೋರ್ಟಿಗೆ ಹತ್ತೇ ಕಾಲ್. ಆಸ್ಟರಿಸ್ಕ್‌ನಾಗ ರೂಢಿಯಿಂದ ಇರೋದು 10000 ರಿಂದ 20000. ಪಿಬಿಎಕ್ಸ್‌ನಾಗೂ ಫೈರ್‌ವಾಲ್‌ನಾಗೂ ರೇಂಜ್ ಒಂದೇ ಇರಬೇಕು, ಒಂದು ಕಡಿ ಬದಲಿಸಿ ಇನ್ನೊಂದು ಬಿಟ್ರ ಕಾಲ್ ಸೇರ್ತದ ದನಿ ಬರಂಗಿಲ್ಲ.

ಇಂಟರ್ನೆಟ್ ಲೆಕ್ಕ ಸರಳ, ಜಿ.711 ಕೋಡೆಕ್‌ಗೆ (ದನಿ ಕಟ್ಟಿ ಕಳ್ಸೋ ಒಂದು ವಿಧಾನ) ಒಂದು ಕಾಲಿಗೆ ಒಂದೊಂದು ದಿಕ್ಕಿಗೆ ಹತ್ರ ಹತ್ರ 87 ಕೆಬಿಪಿಎಸ್, ವಿಪಿಎನ್ ಇದ್ರ ಇನ್ನಷ್ಟು, ಅಂದ್ರ 20 ಮಂದಿಗೆ 2 ಎಂಬಿಪಿಎಸ್ ಮ್ಯಾಲ ಸ್ವಲ್ಪ ಹೆಚ್ಚೇ ಹಿಡೀರಿ. ಇದು ಅಪ್‌ಲೋಡಿಗೂ ಬೇಕು, ಮಂದಿ ಡೌನ್‌ಲೋಡ್ ಸ್ಪೀಡ್ ನೋಡಿ ಸುಮ್ನಾಗ್ತಾರ. ಜಿ.729 ಹಾಕಿದ್ರ 31 ಕೆಬಿಪಿಎಸ್ ಸಾಕು, ಆದ್ರ ದನಿ ಕೂಡಿಸ್ಲಿಕ್ಕೆ ಪ್ರತಿಯೊಬ್ರದೂ ಬಿಚ್ಚಿ ಮತ್ತ ಕಟ್ಟಬೇಕಾಗ್ತದ, ಮಷಿನ್ನಿಗೆ ಭಾರ. ಸಣ್ಣ ಬ್ರಾಂಚಿನ ನೆಟ್ ತೀರಾ ಕಮ್ಮಿ ಇದ್ರ ಅಲ್ಲಿಗಷ್ಟೇ ಜಿ.729 ಕೊಡ್ರಿ. ರೌಟರ್‌ನಾಗ ದನಿಗೆ ಮೊದಲ್ನೇ ಪಾಳಿ ಕೊಡ್ರಿ, ಇಲ್ಲಾಂದ್ರ ಯಾರೋ ಸಿಸಿಟಿವಿ ಫುಟೇಜ್ ಕಳ್ಸಿದಾಗ ಎಲ್ಲಾರ ಮಾತು ಕತ್ತರಿಸ್ತದ.

ನಮ್ ಊರಿನ ಬ್ಯಾಸಿಗಿನೂ ಲೆಕ್ಕಕ್ಕ ಹಿಡೀರಿ. ಮೇ ತಿಂಗಳಾಗ 42, 43 ಡಿಗ್ರಿ ಇರ್ತದ, ಪಿಬಿಎಕ್ಸ್ ಮೆಟ್ಟಿಲ ಕೆಳಗಿನ ಗೂಡಿನಾಗ ಇಟ್ರ ಮಂದಿ ಹೆಚ್ಚಾದಷ್ಟು ಬಿಸಿ ಆಗಿ ಬಂದ್ ಬೀಳ್ತದ, ಗಾಳಿ ಆಡೋ ಕಡಿ ಇಡ್ರಿ. ಕರೆಂಟ್ ಹೋದಾಗ ಪಿಬಿಎಕ್ಸ್ ಅಷ್ಟೇ ಯುಪಿಎಸ್ ಮ್ಯಾಲ ಇದ್ರ ಸಾಲಂಗಿಲ್ಲ, ಸ್ವಿಚ್, ರೌಟರ್, ನೆಟ್ಟಿನ ಡಬ್ಬಿ ಎಲ್ಲಾ ಅದ್ರ ಮ್ಯಾಲೇ ಇರಬೇಕು.

ಎಲ್ಲಾ ಆದ್ ಮ್ಯಾಲ ಒಂದಿನ ಸಂಜಿಮುಂದ ಟೆಸ್ಟ್ ಮಾಡ್ರಿ, ರೇಟ್ ಹೇಳೋ ಹೊತ್ತಿಗಲ್ಲ. ಎಲ್ಲಾರೂ ಒಮ್ಮೆಲೆ ಬರಬ್ಯಾಡ್ರಿ ಅಂತ ಹೇಳಿ ಅರ್ಧ ನಿಮಿಷಕ್ಕೊಬ್ರಂಗ ಕರೀರಿ, ಪ್ರತಿಯೊಬ್ರೂ ಊರ ಹೆಸರು ಹೇಳಿ ಒಂದರಿಂದ ಐದರ ತನಕ ಎಣಿಸ್ಲಿ, ಎಷ್ಟನೇಯವ್ರು ಬಂದಾಗ ಏನ್ ಕೆಡ್ತು ಅಂತ ಹಾಳಿ ಮ್ಯಾಲ ಬರ್ಕೋರಿ. ನಮ್ ಟೆಸ್ಟ್‌ನಾಗ 17 ಮಂದಿ ಸೇರಿದ್ ಮ್ಯಾಲ ಒಮ್ಮೆಲೆ ಹಾಡು ಚಾಲೂ ಆತು, ಯಾರಿಗೂ ಏನೂ ಕೇಳಸವಲ್ದು. ಒಂದು ಬ್ರಾಂಚಿನವ್ರು ಬ್ಯಾರೆ ಫೋನ್ ಬಂತು ಅಂತ ನಮ್ಮನ್ನ ಹೋಲ್ಡ್‌ಗೆ ಹಾಕಿದ್ರು, ಅವ್ರ ಹೋಲ್ಡ್ ಮ್ಯೂಸಿಕ್ ಎಲ್ಲಾರ ಕಿವಿಗೆ ಬಂತು. ಅವತ್ತಿಂದ ಬ್ರಾಂಚ್ ಎಕ್ಸ್‌ಟೆನ್ಷನ್ ಎಲ್ಲಾದ್ರ ಹೋಲ್ಡ್ ಮ್ಯೂಸಿಕ್ ತೆಗೆದು ಸುಮ್ನಿರೋದು ಹಾಕೀನಿ, ಪ್ರತಿ ಫೋನಿನ ಮ್ಯಾಲೂ ಒಂದು ಚೀಟಿ ಅಂಟಿಸೀನಿ, "ಕಾನ್ಫರೆನ್ಸ್‌ನಾಗ ಹೋಲ್ಡ್ ಒತ್ತಬ್ಯಾಡ್ರಿ, ಮ್ಯೂಟ್ ಒತ್ರಿ".