ಶಾಲೆ ಮೈದಾನದಲ್ಲಿ ತಿಮಿಂಗಿಲ ಬೇಟೆಯ ದೋಣಿ ಆಡಿಸುವುದು ಹೇಗೆ

ಬೇಸಿಗೆ ಶಿಬಿರಕ್ಕೆ ಏನಾದರೂ ಹೊಸದು ಹುಡುಕುತ್ತಿರುವ ಮಂಡ್ಯ ಕಡೆಯ ಮೇಷ್ಟ್ರು, ಟೀಚರ್‌ಗಳಿಗೆ ಇದು. ಹಾಯಿಹಡಗಿನ ಕಾಲದ ಬೇಟೆಯನ್ನು ಬೋರ್ಡ್ ಮೇಲೆ ಹೇಳಿದರೆ ಮಕ್ಕಳು ಆಕಳಿಸುತ್ತಾರೆ. ಸುಮ್ನೆ ಹಡಗಿನಿಂದ ನೀರಿಗೆ ಇಳಿಸುತ್ತಿದ್ದ ಬೇಟೆ ದೋಣಿಯನ್ನು ನೆಲದ ಮೇಲೆ ಬರೆದು ಒಳಗೆ ಕೂರಿಸಿ.

ಉದ್ದ 28 ಅಡಿ, ನಡುವೆ ಅಗಲ 6 ಅಡಿ. ರಂಗೋಲಿ ಪುಡಿಯಲ್ಲೇ ಬರೆಯಿರಿ, ಸುಣ್ಣ ಕಣ್ಣಿಗೆ ಬಿದ್ದರೆ ಕಷ್ಟ. ಎರಡು ತುದಿಯೂ ಚೂಪಾಗಿರಲಿ, ಯಾಕೆಂದರೆ ತಿಮಿಂಗಿಲ ಬಾಲ ಎತ್ತಿದಾಗ ದೋಣಿ ತಿರುಗಿಸಲು ಪುರುಸೊತ್ತು ಇರುತ್ತಿರಲಿಲ್ಲ, ಹಾಗೇ ಹಿಂದಕ್ಕೆ ಸರಿಯಬೇಕಿತ್ತು.

ಆರು ಮಕ್ಕಳು ಸಾಕು. ಐವರು ಹುಟ್ಟು ಹಾಕುವವರು, ಎಲ್ಲರ ಮುಖವೂ ಹಿಂದಕ್ಕೆ. ಅಂದರೆ ತಿಮಿಂಗಿಲ ಇರುವುದು ಅವರ ಬೆನ್ನ ಹಿಂದೆ! ಅದು ಕಾಣುವುದು ಹಿಂದಿನ ತುದಿಯಲ್ಲಿ ಉದ್ದದ ಹುಟ್ಟು ಹಿಡಿದು ನಿಂತ ಅಧಿಕಾರಿಗೆ ಮಾತ್ರ. ದೋಣಿಯ ಮೂತಿಯ, ಅಂದರೆ ಮುಂದಿನ ತುದಿಯ, ಹತ್ತಿರ ಕೂತವನೇ ಈಟಿಗಾರ. ಅವನೂ ಹುಟ್ಟು ಹಾಕುತ್ತಿರಬೇಕು, ‘ಏಳು’ ಅಂದಾಗಲೇ ಎದ್ದು ತಿರುಗಿ ಎಸೆಯಬೇಕು. ಕೈಗೆ ಸುತ್ತಿದ ಪೇಪರ್ ಕೊಡಿ, ಕೋಲು ಬೇಡ.

ಈಗ ಹಗ್ಗ. ಜಾಸ್ತಿ ಹೊತ್ತು ಇಲ್ಲೇ ಕಳೆಯಿರಿ. ಆ ಈಟಿ ಕೊಲ್ಲುವುದಕ್ಕಲ್ಲ, ತಿಮಿಂಗಿಲವನ್ನು ಹಗ್ಗಕ್ಕೆ ಸಿಕ್ಕಿಸುವುದಕ್ಕೆ. ಟಬ್ಬುಗಳಲ್ಲಿ ಸುತ್ತಿಟ್ಟ ಹಗ್ಗವೇ ಸುಮಾರು 1800 ಅಡಿ. ಅದು ಮೊದಲು ಹಿಂದಕ್ಕೆ ಹೋಗಿ ಅಲ್ಲಿನ ಗೂಟ ಸುತ್ತಿ, ಮತ್ತೆ ಎಲ್ಲರ ನಡುವೆ ಹಾದು ಮೂತಿಯ ಕಡೆಗೆ ಬರುತ್ತದೆ. ತಿಮಿಂಗಿಲ ಓಡಿದರೆ ಗೂಟದಲ್ಲಿ ಹೊಗೆ ಏಳುತ್ತಿತ್ತು, ನೀರು ಹೊಯ್ಯಬೇಕಿತ್ತು. ಕಾಲು ಸಿಕ್ಕಿಕೊಂಡರೆ ಆಸಾಮಿ ಸಮುದ್ರಕ್ಕೆ. ಕಡಿಯಲು ಕೊಡಲಿ ಪಕ್ಕದಲ್ಲೇ ಇರುತ್ತಿತ್ತು. ನೀವು ಬಕೆಟ್ಟಿನಲ್ಲಿ ಹಳೇ ಸೀರೆ ಹರಿದು ಹೊಸೆದ ಹಗ್ಗ ಇಡಿ, ಒಬ್ಬನ ಕೈಲಿ ಎಳೆಸಿ. ನಾರಿನ ಹಗ್ಗ ಅಂಗೈ ಸುಲಿಯುತ್ತದೆ.

ಈಟಿ ನೆಟ್ಟ ಮೇಲೆ ಅಧಿಕಾರಿ ಮುಂದಕ್ಕೆ, ಈಟಿಗಾರ ಹಿಂದಕ್ಕೆ. ಭರ್ಜಿಯಿಂದ ಕೊಲ್ಲುವ ಕೆಲಸ ಅಧಿಕಾರಿಯದು. ಅಲ್ಲಾಡುವ ದೋಣಿಯಲ್ಲಿ ಈ ಜಾಗ ಬದಲಾವಣೆ ನನಗಂತೂ ಬರೀ ದೊಡ್ಡಸ್ತಿಕೆ ಅನ್ನಿಸುತ್ತದೆ. ಮಕ್ಕಳು ಗೆರೆ ತುಳಿಯದೆ ಮಾಡಲಿ, ನೋಡೋಣ.

ತಿಮಿಂಗಿಲದ ಕೊಬ್ಬಿನಿಂದ ಎಣ್ಣೆ ತೆಗೆಯುವುದನ್ನು ಹೇಳಲು ಆಲೆಮನೆಗೇ ಕರೆದುಕೊಂಡು ಹೋಗಿ. ಕಬ್ಬಿನ ಸಿಪ್ಪೆ ಉರಿಸಿ ಹಾಲು ಕುದಿಸುವ ಹಾಗೆ, ಹಡಗಿನ ಮೇಲಿನ ಇಟ್ಟಿಗೆ ಒಲೆಯಲ್ಲಿ ಕೊಬ್ಬು ಕರಗಿಸಿ, ಉಳಿದ ಚರಟವನ್ನೇ ಒಲೆಗೆ ಹಾಕುತ್ತಿದ್ದರು.

‘ತಿಮಿಂಗಿಲ ತಿರುಗಿ ಬೀಳಲಿಲ್ವಾ?’ ಅಂತ ಯಾರಾದರೂ ಕೇಳೇ ಕೇಳುತ್ತಾರೆ. 1820ರಲ್ಲಿ ಪೆಸಿಫಿಕ್‌ನಲ್ಲಿ ಎಸೆಕ್ಸ್ ಎಂಬ ಬೇಟೆ ಹಡಗನ್ನೇ ಒಂದು ತಿಮಿಂಗಿಲ ಗುದ್ದಿ ಮುಳುಗಿಸಿತು. 20 ಜನ ಇಂಥ ಮೂರು ದೋಣಿ ಹತ್ತಿದರು, ಬದುಕಿದವರು 8. ಅವರು ಏನು ತಿಂದು ಬದುಕಿದರು ಎಂಬುದನ್ನು ಹೈಸ್ಕೂಲ್ ಮಕ್ಕಳಿಗೆ ಮಾತ್ರ ಹೇಳಿ.