ಫ್ರೀಬಿಎಸ್‌ಡಿಗೆ ಗ್ರಾಫಿಕ್ಸ್ ಡ್ರೈವರ್: ಮೊದಲು ಕೈಯಿಂದ ಲೋಡ್ ಮಾಡಿ ನೋಡಿ

ಲಿನಕ್ಸ್‌ನಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಫ್ರೀಬಿಎಸ್‌ಡಿ. ಅದನ್ನು ಹಾಕಿಕೊಂಡ ಗೆಳೆಯರು ಫೋನ್ ಮಾಡಿ ಹೇಳುವುದು ಒಂದೇ: 'ಡ್ರೈವರ್ ಹಾಕಿದೆ, ರೀಸ್ಟಾರ್ಟ್ ಮಾಡಿದೆ, ಸ್ಕ್ರೀನ್ ಕಪ್ಪಗಾಗಿ ಕೂತಿದೆ.' ಎಷ್ಟೋ ಸಲ ಕಾರ್ಡ್ ಸರಿಯಾಗೇ ಇರುತ್ತದೆ, ಅವಸರ ಮಾಡಿದವರು ಇವರು.

ಕಾರ್ಡ್ ಯಾವುದೆಂದು 'ಪಿಸಿಐಕಾನ್ಫ್ -ಎಲ್‌ವಿ' ಕೊಟ್ಟು ನೋಡಿ. ಇಂಟೆಲ್ ಅಥವಾ ಎಎಂಡಿ ಆದರೆ 'ಡಿಆರ್‌ಎಂ-ಕೆಮಾಡ್' ಪ್ಯಾಕೇಜ್ ಹಾಕಿ. ಲಿನಕ್ಸ್ ಡ್ರೈವರ್‌ಗಳನ್ನೇ ಇಲ್ಲಿಗೆ ಒಗ್ಗಿಸಿರುವುದು ಇದು. ಕಾರ್ಡಿನೊಳಗೇ ಓಡುವ ಪುಟ್ಟ ತಂತ್ರಾಂಶ, ಅಂದರೆ ಫರ್ಮ್‌ವೇರ್‌ಗೆ, 'ಎಫ್‌ಡಬ್ಲ್ಯುಗೆಟ್' ಅಂದರೆ ಸಾಕು. ಎನ್‌ವಿಡಿಯಾಗೆ ಆ ಕಂಪನಿಯದೇ ಬೇರೆ ಡ್ರೈವರ್ ಇದೆ.

ಎಡವುವುದು ಇನ್ನು ಮುಂದೆ. ಯಾವುದೋ ಹಳೇ ಟಿಪ್ಪಣಿ ನೋಡಿ ಡ್ರೈವರ್ ಹೆಸರನ್ನು ಸೀದಾ, ಬೂಟ್ ಆಗುವಾಗ ಮೊಟ್ಟಮೊದಲು ಓದುವ ಲೋಡರ್.ಕಾನ್ಫ್ ಫೈಲಿಗೆ ಬರೆದುಬಿಡುತ್ತಾರೆ. ಬರೆಯಲೇಬೇಡಿ. ಈ ಡ್ರೈವರ್ ಸಿಸ್ಟಂನ ತಿರುಳಾದ ಕರ್ನಲ್ ಒಳಗೆ ಕೂರುವಂಥದ್ದು. ಒಂದು ಆವೃತ್ತಿಗೆ ಕಟ್ಟಿದ್ದು ಇನ್ನೊಂದಕ್ಕೆ ಹೊಂದದಿದ್ದರೆ ಮಷಿನ್ ಅಲ್ಲೇ ಕುಸಿಯಬಹುದು. 14.1ರಿಂದ 14.2ಕ್ಕೆ ಹೋದಂಥ ಸಣ್ಣ ಜಿಗಿತಕ್ಕೂ ಹೀಗಾಗುತ್ತದೆ. ಈ ತಾಪತ್ರಯಕ್ಕೆಂದೇ 14.2ರಿಂದ ಇಂಥ ಕರ್ನಲ್ ಮಾಡ್ಯೂಲ್‌ಗಳಿಗೆ ಬೇರೆ ಪ್ಯಾಕೇಜ್ ಭಂಡಾರ ಮಾಡಿದ್ದಾರೆ.

ಹಾಗಾಗಿ ಫೈಲ್ ಮುಟ್ಟುವ ಮುಂಚೆ ಎರಡು ಸಲ 'ಸಿಂಕ್' ಕೊಡಿ (ಬಾಕಿ ಇರುವುದನ್ನೆಲ್ಲ ಡಿಸ್ಕಿಗೆ ಬರೆಯುತ್ತದೆ), ಆಮೇಲೆ 'ಕೆಎಲ್‌ಡಿಲೋಡ್ ಐ915ಕೆಎಂಎಸ್' ಎಂದು ಟೈಪ್ ಮಾಡಿ. ಇದು ಇಂಟೆಲ್‌ಗೆ. ಎಎಂಡಿಯ ಎಚ್‌ಡಿ 7000 ಸರಣಿಯಿಂದ ಈಚೆಗೆ 'ಎಎಂಡಿಜಿಪಿಯು', ಅದಕ್ಕಿಂತ ಹಳೆಯದಕ್ಕೆ 'ರೇಡಿಯಾನ್‌ಕೆಎಂಎಸ್'. ಸ್ಕ್ರೀನ್ ಒಮ್ಮೆ ಮಿನುಗಿ ಅಕ್ಷರ ಚಿಕ್ಕದಾಯ್ತಾ? ಗೆದ್ದಿರಿ. ನಿಂತೇಹೋಯ್ತಾ? ಪವರ್ ಬಟನ್ ಒತ್ತಿ ಆರಿಸಿ, ಮತ್ತೆ ಹಚ್ಚಿ. ಯಾವ ಫೈಲಿನಲ್ಲೂ ಬರೆದಿಲ್ಲವಲ್ಲ, ಮೊದಲಿನಂತೆ ಎದ್ದು ಕೂರುತ್ತದೆ. ಆಮೇಲೆ ಮೂಲ ಕೋಡ್‌ನಿಂದ ತಂತ್ರಾಂಶ ಕಟ್ಟುವ ವ್ಯವಸ್ಥೆಯಾದ ಪೋರ್ಟ್ಸ್‌ನಿಂದ ನಿಮ್ಮ ಕರ್ನಲ್‌ಗೇ ಡ್ರೈವರ್ ಕಟ್ಟಿಕೊಳ್ಳಿ. ಹೊತ್ತು ಹಿಡಿಯುತ್ತೆ, ಕಾಫಿ ಮಾಡಿಕೊಳ್ಳಿ.

ಕೈಯಿಂದ ಲೋಡ್ ಆದ ಮೇಲಷ್ಟೇ ಆರ್‌ಸಿ.ಕಾನ್ಫ್‌ನ 'ಕೆಎಲ್‌ಡಿ_ಲಿಸ್ಟ್' ಸಾಲಿಗೆ ಹೆಸರು ಸೇರಿಸಿ. ಈ ಆರ್‌ಸಿ.ಕಾನ್ಫ್‌ನಲ್ಲಿ ಆಗಲೇ ಬರೆದು ಸಿಕ್ಕಿಹಾಕಿಕೊಂಡಿದ್ದರೆ, ಬೂಟ್ ಮೆನುವಿನಲ್ಲಿ 2 ಒತ್ತಿ, ದುರಸ್ತಿಗೆಂದೇ ಇರುವ ಸಿಂಗಲ್ ಯೂಸರ್ ಸ್ಥಿತಿಗೆ ಹೋಗಿ ಆ ಸಾಲು ಅಳಿಸಿ.

ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್, ಬಳಸಲು ಅನುಮತಿ ಇರುವ 'ವಿಡಿಯೊ' ಗುಂಪಿಗೆ ನಿಮ್ಮ ಯೂಸರ್ ಹೆಸರು ಸೇರಿಸಿಕೊಂಡು, ಲಾಗೌಟ್ ಆಗಿ ಮತ್ತೆ ಬನ್ನಿ. ಇದನ್ನು ಮರೆಯುವವರು ಜಾಸ್ತಿ. ಮರೆತರೆ ಡೆಸ್ಕ್‌ಟಾಪ್ ಬರುತ್ತದೆ, ಆದರೆ ಕೆಲಸವೆಲ್ಲ ಸಿಪಿಯು ತಲೆಗೆ. ವಲ್ಕನ್ ಎಂದರೆ ಜಿಪಿಯುಗೆ ಕೆಲಸ ಹೇಳುವ ಒಂದು ಮಾದರಿ; ಅದನ್ನು ಪರೀಕ್ಷಿಸುವ 'ವಲ್ಕನ್‌ಇನ್ಫೋ' ಓಡಿಸಿದಾಗ, ಸಿಪಿಯುವಿನಲ್ಲೇ ಚಿತ್ರ ಬಿಡಿಸುವ 'ಎಲ್‌ಎಲ್‌ವಿಎಂಪೈಪ್' ಒಂದೇ ಕಂಡರೆ ಮೊದಲು ಈ ಗುಂಪನ್ನೇ ಅನುಮಾನಿಸಿ. ಏನೂ ಬೇಡ, ಹೆಚ್ಚಿನ ಕಾರ್ಡ್‌ಗಳಲ್ಲಿ ನಡೆಯುವ ಸಾಮಾನ್ಯ 'ವೆಸಾ' ಡ್ರೈವರ್ ಸಾಕು ಅನ್ನುವ ಅಡ್ಡದಾರಿ ಹಿಡಿದರೂ ಕಥೆ ಇದೇ.

ಜಿಪಿಯುನಲ್ಲಿ ಲೆಕ್ಕ ಮಾಡಿಸುವ ಆಸೆ ಇದ್ದವರಿಗೆ ಒಂದು ಮಾತು. ಎನ್‌ವಿಡಿಯಾ ಕಾರ್ಡಿನಲ್ಲಿ ಲೆಕ್ಕ ಮಾಡಿಸುವ 'ಕೂಡಾ' (CUDA) ವ್ಯವಸ್ಥೆಗೆ ಫ್ರೀಬಿಎಸ್‌ಡಿಯಲ್ಲಿ ಅಧಿಕೃತ ಬೆಂಬಲ ಇಲ್ಲ. ಲಿನಕ್ಸ್ ಹೊಂದಾಣಿಕೆ ಪದರದ ಮೇಲೆ ಸರ್ಕಸ್ ಮಾಡಿ ಓಡಿಸುವವರಿದ್ದಾರೆ, ನಾನಂತೂ ಹೇಳಲ್ಲ. ವಲ್ಕನ್ ಹಿಡಿಯಿರಿ. ಎಐ ಭಾಷಾ ಮಾದರಿಗಳನ್ನು ನಮ್ಮ ಮಷಿನ್‌ನಲ್ಲೇ ಓಡಿಸುವ ಲಾಮಾ.ಸಿಪಿಪಿ ಅದರ ಮೇಲೂ ಓಡುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿಗೆ ಕಾರ್ಡ್ ತರಲು ಹೋದರೆ ಎರಡು ಮೂರು ವರ್ಷ ಹಳೆಯ ಎಎಂಡಿ ಮಾದರಿ ಕೇಳಿ. ಅಂಗಡಿಯವರು ನಿನ್ನೆ ಬಂದ ಹೊಸದನ್ನು ತೋರಿಸಿದರೆ, ಅದರ ಡ್ರೈವರ್ ಇಲ್ಲಿಗೆ ಇನ್ನೂ ಬಂದಿರುವುದಿಲ್ಲ ಎಂದುಕೊಂಡೇ ಜೇಬಿಗೆ ಕೈ ಹಾಕಿ.